ಹುಳದ ಮನೆಯ ಆಣೆ

ನಾನು ಬುಶ್ರಾ, ಕೋಲಾರದಲ್ಲಿ ನರರೋಗದ ಡಾಕ್ಟರು. ಮರೆವಿನ ಕಾಯಿಲೆಯೇ ನನ್ನ ಕಸುಬು. ಹೆರಿಗೆ ಡಾಕ್ಟರಿಗೆ ಜನ ಸಿಹಿ ತಂದುಕೊಡುತ್ತಾರೆ, ನನ್ನ ಕೋಣೆಯಿಂದ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾರೆ. "ಇನ್ನು ಮೊದಲಿನ ಹಾಗಾಗೋದಿಲ್ಲ" ಅಂತ ಹೇಳಿ ಹೇಳಿ ನನ್ನ ನಾಲಿಗೆಯೇ ಕಹಿಯಾಗಿದೆ. ಸಿಡುಕಿ ಅಂತ ಹೆಸರೂ ಬಂದಿದೆ. ಬರಲಿ, ನನಗೇನು!

ಆವತ್ತು ಸುಗಟೂರಿನಿಂದ ಸೊಣ್ಣಪ್ಪನವರು ಹೆಂಡತಿ ಅನಸೂಯಮ್ಮನನ್ನು ಕರೆತಂದರು. ಜೊತೆಗೆ ಸೊಸೆ ಮಾನಸ. ರೇಷ್ಮೆ ಹುಳ ಸಾಕುವ ಮನೆಯವರು. ಒಂದು ತಿಂಗಳಿಂದ ಅನಸೂಯಮ್ಮ ಒಲೆ ಹಚ್ಚಿ ಮರೆಯುತ್ತಿದ್ದರು, ಸೀರೆ ತಿರುಗಾಮುರುಗಾ ಉಡುತ್ತಿದ್ದರು, ಗಂಡನನ್ನೇ "ಅಣ್ಣಾ" ಎಂದು ಕರೆಯುತ್ತಿದ್ದರು.

"ಅರಳುಮರಳು ಅಂತ ಎಲ್ಲಾರೂ ಅಂದ್ರು ಮೇಡಮ್. ನೋಡ್ಕೊಳ್ಳೋಕೆ ನಾನು ಫ್ಯಾಕ್ಟರಿ ಕೆಲ್ಸ ಬಿಡ್ಬೇಕಾ? ಅದೊಂದು ಹೇಳ್ಬಿಡಿ" ಎಂದಳು ಮಾನಸ.

"ಇದು ಯಾವ ಊರಮ್ಮಾ?" ಎಂದು ಕೇಳಿದೆ. ಅನಸೂಯಮ್ಮ ಗೋಡೆ ನೋಡಿ ನಕ್ಕರು. ನಡೆಸಿ ನೋಡಿದರೆ ಎಡಗಾಲು ಎಳೆಯುತ್ತಿತ್ತು. ಬೆಳಗಾದರೆ ತಲೆನೋವಂತೆ. ನನ್ನ ಕಿವಿ ನೆಟ್ಟಗಾಯಿತು. ಅರಳುಮರಳು ಒಂದೇ ತಿಂಗಳಲ್ಲಿ ಹೀಗೆ ಏರುವುದಿಲ್ಲ, ಕಾಲನ್ನೂ ಎಳೆಸುವುದಿಲ್ಲ.

"ಎಲ್ಲಾದ್ರೂ ಬಿದ್ದಿದ್ರಾ? ತಲೆಗೆ ಪೆಟ್ಟಾಗಿತ್ತಾ?"

"ಇಲ್ಲ ಡಾಕ್ಟ್ರಮ್ಮ" ಎಂದು ಸೊಣ್ಣಪ್ಪನವರು ನನ್ನ ಮಾತು ಮುಗಿಯುವ ಮೊದಲೇ ಅಂದರು.

"ಸರಿ, ತಲೆ ಸ್ಕ್ಯಾನ್ ಮಾಡಿಸೋಣ."

"ಸ್ಕ್ಯಾನ್ ಗೀನ್ ಬೇಡ. ಮಾತ್ರೆ ಕೊಡಿ, ಸಾಕು." ಟವೆಲ್ ಹಿಂಡುತ್ತಾ ಕೂತ ಆ ಮನುಷ್ಯನ ಹಣೆ ಬೆವತಿತ್ತು.

ನನ್ನ ಅಪ್ಪ ಮುಳಬಾಗಿಲಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವರು. ಹುಳ ಸಾಕುವವರ ಮಡಿ ನನಗೆ ಗೊತ್ತು: ಹುಳದ ಮನೆಗೆ ಚಪ್ಪಲಿ ಹೋಗುವಂತಿಲ್ಲ, ಹೊರಗಿನವರು ಹೋಗುವಂತಿಲ್ಲ, ಒಳಗೆ ಏನಾದರೂ ಅಪಶಕುನವಾದರೆ ಬಾಯಿ ಬಿಡುವಂತಿಲ್ಲ. ಮಾನಸಳನ್ನು ಟೀ ಕುಡಿದು ಬಾ ಅಂತ ಹೊರಗೆ ಕಳಿಸಿದೆ.

"ಯಜಮಾನ್ರೇ, ಹುಳದ ಮನೇಲಿ ಬಿದ್ರಾ?"

ಸೊಣ್ಣಪ್ಪನವರು ತಲೆ ತಗ್ಗಿಸಿದರು. "ಎರಡು ತಿಂಗಳ ಹಿಂದೆ, ಹುಳ ಹಣ್ಣಾಗಿತ್ತು ತಾಯಿ. ಹುಳನ ಗೂಡು ಕಟ್ಟೋಕೆ ಬಿಡೋ ಬಿದಿರಿನ ಚಂದ್ರಿಕೆ ಇಳ್ಸೋಕೆ ಅಂತ ಸ್ಟೂಲ್ ಹತ್ತಿದ್ಳು, ಜಾರಿದ್ಳು. ತಲೆ ಒಡ್ದು ರಕ್ತ ಬಂತು. ಹುಳದ ಮನೇಲಿ ರಕ್ತ ಬಿದ್ರೆ ಬೆಳೆ ಏಳಲ್ಲ ಅಂತಾರೆ. ಯಾರಿಗೂ ಹೇಳ್ಬೇಡ ಅಂತ ಅವ್ಳ ತಲೆ ಮೇಲೆ ನನ್ನ ಕೈ ಇಡ್ಸಿ ಆಣೆ ಹಾಕಿಸ್ಕೊಂಡ್ಳು. ಆಣೆ ಮುರಿದ್ರೆ ಅವ್ಳಿಗೇ ಏನಾದ್ರೂ ಆಗುತ್ತೆ ಅಂತ..."

"ಅಯ್ಯೋ, ಆಗೋದೆಲ್ಲ ಆಗಿದೆಯಲ್ರೀ! ಏಳಿ, ಮೊದ್ಲು ಸ್ಕ್ಯಾನಿಗೆ ಕರ್ಕೊಂಡು ಹೋಗಿ!" ಎಂದು ಕೂಗಿಬಿಟ್ಟೆ. ಮುದುಕ ಮಗುವಿನ ಹಾಗೆ ಅತ್ತರು. ಪಾಪ, ಆಮೇಲೆ ನೀರು ಕುಡಿಸಿದೆ.

ಸ್ಕ್ಯಾನ್ ಚಿತ್ರ ನೋಡಿದಾಗ ನನಗೆ ಕುಣಿಯಬೇಕೆನಿಸಿತು. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಜಿನುಗಿ ಮೆದುಳನ್ನು ಒತ್ತುತ್ತಿತ್ತು. ಸಣ್ಣ ತೂತು ಮಾಡಿ ಅದನ್ನು ತೆಗೆದರೆ ಮನುಷ್ಯರು ಮೊದಲಿನ ಹಾಗಾಗುತ್ತಾರೆ. ಆ ಮಾತು ಹೇಳುವ ಯೋಗ ನನಗೆ ಬರುವುದೇ ಅಪರೂಪ. "ಕೆಲ್ಸ ಬಿಡ್ಬೇಡ ಕಣಮ್ಮ" ಎಂದು ಮಾನಸಳಿಗೂ ಹೇಳಿದೆ. ಅವತ್ತೇ ಆಪರೇಷನ್ ಆಯಿತು.

ಮುಂದಿನ ತಿಂಗಳು ಅನಸೂಯಮ್ಮ ಬೋಳಿಸಿದ ತಲೆಗೆ ಸೆರಗು ಹೊದ್ದು, ನೆಟ್ಟಗೆ ನಡೆದು ಒಳಗೆ ಬಂದರು. ಹಿಂದೆ ಸೊಣ್ಣಪ್ಪ.

ಸೊಣ್ಣಪ್ಪನವರನ್ನು ತೋರಿಸಿ, "ಇವ್ರು ಯಾರಮ್ಮಾ?" ಎಂದೆ.

ಅನಸೂಯಮ್ಮ ಗಂಡನನ್ನು ಕೆಕ್ಕರಿಸಿ ನೋಡಿದರು. "ಯಾರಾ? ಬಾಯಲ್ಲಿ ಒಂದು ಮಾತು ನಿಲ್ಲದ ಮನುಷ್ಯ! ನನ್ನ ತಲೆ ಮುಟ್ಟಿ ಆಣೆ ಮಾಡಿ, ಇಲ್ಲಿ ಬಂದು ಎಲ್ಲಾ ಒದರ್ಬಿಟ್ಟವ್ನೆ. ಸಿಗ್ಗು ಲೇದಾ ನೀಕು? ನಾಚ್ಕೆ ಆಗಲ್ವಾ?"

ಸೊಣ್ಣಪ್ಪನವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇತ್ತು.

"ಸಾಕು ಬಿಡಿಯಮ್ಮಾ" ಎಂದೆ ನಾನು.

"ತಡೀಬೇಡಿ ಡಾಕ್ಟ್ರಮ್ಮ, ಬೈಯ್ಲಿ" ಎಂದರು ಸೊಣ್ಣಪ್ಪ. "ಅಣ್ಣಾ ಅಂತ ಕರೀತಿದ್ದಕ್ಕಿಂತ ಇದೇ ವಾಸಿ."