ಎಡಗಾಲಿನ ಕಾಲುಚೀಲ

ಆ ಭಾನುವಾರ ಒಲೀಟಾ ಎಡಗಾಲಿನ ಕಾಲುಚೀಲ ಬಿಚ್ಚಲು ಒಪ್ಪಲಿಲ್ಲ. ವರ್ಡಿಗೆ ಈಗಲೂ ಎಲ್ಲವೂ ಅಲ್ಲಿಂದಲೇ ನೆನಪಾಗುವುದು.

ಪೂರ್ವ ಕೆಂಟಕಿಯ ಗುಡ್ಡಗಳ ನಡುವಿನ ಸೋರೆಲ್ ಕೊಳ್ಳದಲ್ಲಿ ಅವರದೊಂದು ಚಿಕ್ಕ ಚರ್ಚು. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ರೊಟ್ಟಿ ದ್ರಾಕ್ಷಾರಸ ಹಂಚಿದ ಮೇಲೆ ಅಲ್ಲಿ ಒಬ್ಬರ ಪಾದ ಒಬ್ಬರು ತೊಳೆಯುತ್ತಾರೆ. ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಸೊಂಟಕ್ಕೆ ಟವೆಲು ಕಟ್ಟಿಕೊಂಡು, ತಗಡಿನ ಬೋಗುಣಿಯ ಮುಂದೆ ಮಂಡಿಯೂರಬೇಕು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ತಬ್ಬಿಕೊಂಡು ಅತ್ತುಬಿಡುತ್ತಾರೆ. ಒಡೆದ ಹಿಮ್ಮಡಿ, ಸೊಟ್ಟ ಬೆರಳು, ಹೊಲಿಗೆ ಹಾಕಿದ ಕಾಲುಚೀಲ, ಬೋಗುಣಿಯ ಮುಂದೆ ಏನೇ ಕಾಣಲಿ, ಅದನ್ನು ಹೊರಗೆ ಬಂದು ಆಡುವಂತಿಲ್ಲ. ಯಾರೂ ಬರೆದಿಟ್ಟದ್ದಲ್ಲ, ಹಾಗೇ ನಡೆದುಬಂದದ್ದು.

ವರ್ಡಿಗೆ ಎಪ್ಪತ್ತೊಂದು. ಒಲೀಟಾಗೆ ಐವತ್ತೆಂಟು. ಮೂವತ್ತೊಂದು ಬೇಸಿಗೆ ಇವಳ ಪಾದ ಅವಳು, ಅವಳ ಪಾದ ಇವಳು ತೊಳೆದಿದ್ದರು.

"ಈ ಸಲ ಬಲಗಾಲು ಒಂದೇ ಸಾಕು ವರ್ಡಿ ಅಕ್ಕ."

"ಯಾಕೆ, ಎಡಗಾಲು ಪಾಪವೇ ಮಾಡಿಲ್ವಾ? ತೆಗಿಯೇ," ಎಂದು ವರ್ಡಿ ನಗುತ್ತ ಕಾಲುಚೀಲ ಎಳೆದಳು.

ಕಿರುಬೆರಳಿನ ಪಕ್ಕ ಗಾಯ. ನಡುವೆ ಕಪ್ಪು, ಅಂಚು ಬಿಳುಚಿಕೊಂಡು ಮೆತ್ತಗಾಗಿತ್ತು. ನೀರು ಸ್ವಲ್ಪ ಹೆಚ್ಚೇ ಬಿಸಿಯಿತ್ತು, ವರ್ಡಿಯ ಕೈಗೆ ಚುರುಕ್ ಎಂದಿತು. ಒಲೀಟಾ ಮಾತ್ರ ಕಾಲು ಎಳೆದುಕೊಳ್ಳಲಿಲ್ಲ. ಅವಳಿಗೆ ಬಿಸಿ ತಿಳಿದೇ ಇರಲಿಲ್ಲ.

"ಹೊಸ ಚಪ್ಪಲಿ ಕಡೀತು ಅಷ್ಟೆ," ಎಂದಳು ಒಲೀಟಾ ಮೆಲ್ಲಗೆ. "ಇದು ಇಲ್ಲೇ ಇರ್ಲಿ."

ವರ್ಡಿ ತಲೆಯಾಡಿಸಿದಳು. ತೊಳೆದಳು, ಹೂವು ಒರೆಸಿದ ಹಾಗೆ ಒರೆಸಿದಳು, ಕಾಲುಚೀಲವನ್ನು ತಾನೇ ಏರಿಸಿದಳು. ಮನೆಗೆ ಬಂದಳು.

ಅದಾದ ನಾಲ್ಕನೇ ದಿನ ಕ್ಲಿನಿಕ್ಕಿನ ನರ್ಸ್ ಲೋರ್ನಾ ಬಂದು ಅಂಗಳದ ಮೆಟ್ಟಿಲ ಮೇಲೆ ಕೂತಳು. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ಕಾರ್ಡನ್ನು ಆ ವರ್ಷ ಬಿಗಿ ಮಾಡಿದ್ದರು. ತಿಂಗಳಿಗೆ ಇಷ್ಟು ಗಂಟೆ ದುಡಿದೆ ಎಂದು ಕಾಗದ ತೋರಿಸದಿದ್ದರೆ ಕಾರ್ಡು ಹೋಯಿತು. ಈಗ ಇನ್ನಷ್ಟು ಕಡಿತ ಮಾಡುವವರಿದ್ದರು. ಅದಕ್ಕೆ ಮೊದಲು ಜನರ ಮಾತು ಕೇಳುತ್ತೇವೆಂದು ರಾಜಧಾನಿಯಿಂದ ಐದು ಜನ ಅಧಿಕಾರಿಗಳು ಹೈಸ್ಕೂಲಿಗೆ ಬರುವವರಿದ್ದರು.

"ದೊಡ್ಡಮ್ಮಾ, ಅವರಿಗೆ ನಾವು ಕಾಗದದ ಮೇಲಿನ ಅಂಕಿ. ಎದ್ದು ನಿಂತು ಹೇಳೋ ಮನುಷ್ಯರು ಬೇಕು ನಂಗೆ. ಈ ಕೊಳ್ಳದಲ್ಲಿ ಕಾರ್ಡು ಹೋಗಿ ಕಾಯಿಲೆ ಬಲಿತೋರು ಯಾರಿದ್ದಾರೆ?"

"ನಮ್ಮೋರು ಊರ ಮುಂದೆ ಗೋಳು ಹೇಳ್ಕೊಳ್ಳೋರಲ್ಲ ಕಣಮ್ಮ."

"ಹೇಳ್ಕೊಳ್ದೆ ಸತ್ತೋರ ಗೋರಿ ಗುಡ್ಡದ ತುಂಬಾ ಇದೆ, ಅದು ನಂಗೂ ಗೊತ್ತು. ಬದುಕಿರೋರು ಯಾರು ಅಂತ ಕೇಳಿದ್ದು."

ವರ್ಡಿಯ ಬಾಯಿಗೆ ಹೆಸರು ಬಂತು. ನುಂಗಿಕೊಂಡಳು. "ಯಾರೂ ಇಲ್ಲ," ಎಂದಳು.

ಲೋರ್ನಾ ಹೋದ ಮೇಲೆ ಮನಸ್ಸು ತಡೆಯದೆ, ಬೇಯಿಸಿದ ಬೀನ್ಸು, ಜೋಳದ ರೊಟ್ಟಿ ಕಟ್ಟಿಕೊಂಡು ಒಲೀಟಾಳ ಮನೆಗೆ ಹೋದಳು. ಒಲೀಟಾ ಶಾಲೆಯ ಅಡುಗೆಮನೆಯಲ್ಲಿದ್ದವಳು. ಶಾಲೆ ಮುಚ್ಚಿದ ಮೇಲೆ ಅವರಿವರ ಮನೆ ಗುಡಿಸಿ ಒರೆಸುತ್ತಿದ್ದಳು. ಕೊಳ್ಳದಲ್ಲಿ ಅದನ್ನು ಕೆಲಸ ಎನ್ನುವುದಿಲ್ಲ, ಕೈಜೋಡಿಸುವುದು ಎನ್ನುತ್ತಾರೆ. ಕೈಗೆ ಒಂದಿಷ್ಟು ಡಾಲರು ಇಡುತ್ತಾರೆ, ಇಲ್ಲವೇ ಸೀಸೆಯಲ್ಲಿಟ್ಟ ಟೊಮೆಟೊ. ವರ್ಡಿಯೂ ಟೊಮೆಟೊ ಕೊಟ್ಟವಳೇ.

"ಕಾರ್ಡಿನದು ಏನಾಯ್ತೇ?"

"ಗಂಟೆ ತೋರ್ಸು ಅಂತಾರೆ. ಟೊಮೆಟೊ ಸೀಸೆ ತಗೊಂಡ್ಹೋಗಿ ತೋರಿಸ್ಲಾ?"

"ಇನ್ಸುಲಿನ್?"

"ಅರ್ಧರ್ಧ ಹಾಕ್ಕೋತೀನಿ. ಊಟಾನೂ ಅರ್ಧ ಮಾಡಿದೀನಿ. ಸಮ ಆಯ್ತಲ್ಲ?" ಒಲೀಟಾ ನಕ್ಕಳು. "ಹಂಗ್ ನೋಡ್ಬೇಡ. ರೊಟ್ಟಿ ಬಿಸಿ ಇದೆ, ಕೂತ್ಕೋ."

ಕೂತರು, ತಿಂದರು. ಒಲೀಟಾ ಎಡಗಾಲನ್ನು ಮೇಜಿನ ಕೆಳಗೆ ದೂರ ಇಟ್ಟುಕೊಂಡಿದ್ದಳು. ವರ್ಡಿಗೆ ಎಲ್ಲಿಂದಲೋ ಒಂದು ಸಿಹಿ ಸಿಹಿ ಕೊಳೆತ ವಾಸನೆ ಬಂತು. ಕಾಲು ತೋರಿಸು ಎನ್ನಲು ಎರಡು ಶಬ್ದ ಸಾಕಿತ್ತು. ಬೋಗುಣಿಯ ಮುಂದೆ ಕಂಡದ್ದನ್ನು ಮೇಜಿನ ಮುಂದೆ ಎತ್ತುವುದು ಹೇಗೆಂದು ಯೋಚಿಸುತ್ತ ಕೂತಳು. ಪಾತ್ರೆ ತೊಳೆದಿಟ್ಟು ಎದ್ದು ಬಂದಳು.

ಅದಾಗಿ ಮೂರು ವಾರಕ್ಕೆ ಒಲೀಟಾಗೆ ಜ್ವರ ಏರಿ ಮಾತು ತೊದಲಿತು. ಪಕ್ಕದ ಮನೆಯವರು ತಮ್ಮ ಪಿಕಪ್ಪಿನಲ್ಲಿ ಎರಡು ಗಂಟೆ ದೂರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು.

ವರ್ಡಿ ನೋಡಲು ಹೋದಾಗ ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅಲ್ಲಿ ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಡಾಕ್ಟ್ರು ಏನಂದ್ರು?"

"ತಿಂಗಳ ಹಿಂದೆ ಬಂದಿದ್ರೆ ಒಂದು ಬೆರಳಲ್ಲಿ ಮುಗೀತಿತ್ತಂತೆ."

ವರ್ಡಿ ಲೆಕ್ಕ ಹಾಕಬೇಕಾಗಿರಲಿಲ್ಲ. ತಿಂಗಳ ಹಿಂದೆ ಆ ಪಾದ ಅವಳ ಕೈಯಲ್ಲೇ ಇತ್ತು.

"ನಾನು ನೋಡಿದ್ದೆ ಒಲೀಟಾ. ನೋಡಿ ಸುಮ್ನಿದ್ದೆ. ಆ ಹುಡುಗಿ ಮನೆಬಾಗಿಲಿಗೆ ಬಂದು ಕೇಳಿದ್ಳು, ಆಗ್ಲೂ ಸುಮ್ನಿದ್ದೆ."

"ನಾನೇ ತಾನೇ ಹೇಳ್ಬೇಡ ಅಂದಿದ್ದು."

"ನೀನು ಅಂದೆ. ನಾನ್ಯಾಕೆ ಕೇಳ್ಬೇಕಿತ್ತು ನಿನ್ ಮಾತು?"

ಒಲೀಟಾ ಹೊದಿಕೆಯ ಚಪ್ಪಟೆ ಜಾಗವನ್ನು ಅಂಗೈಯಿಂದ ಸವರಿದಳು. "ಹೈಸ್ಕೂಲಿನ ಸಭೆ ಯಾವತ್ತು?"

"ಗುರುವಾರ."

"ಹೋಗಿ ಹೇಳು. ಈಗ ಮುಚ್ಚಿಡೋಕೆ ಪಾದವೇ ಇಲ್ಲ."

ಗುರುವಾರ ವರ್ಡಿ ಚರ್ಚಿಗೆ ಹಾಕುವ ನೀಲಿ ಗೌನು ತೊಟ್ಟು ಹೋದಳು. ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಕುರ್ಚಿ ಹಾಕಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಲೋರ್ನಾ ಅವಳ ಕೈ ಹಿಡಿದು ಮೈಕಿನವರೆಗೆ ಕರೆದೊಯ್ದಳು. ಒಂದು ಸಲವೂ "ಅವತ್ತು ಇಲ್ಲ ಅಂದಿದ್ರಲ್ಲ" ಎನ್ನಲಿಲ್ಲ. ಅದೇ ವರ್ಡಿಗೆ ಹೆಚ್ಚು ಚುಚ್ಚಿತು.

"ನಾನು ವಯಸ್ಸಾದೋಳು, ನನ್ನ ಕಾರ್ಡಿಗೇನೂ ಆಗಿಲ್ಲ," ಎಂದು ಶುರುಮಾಡಿದಳು. "ನಾನು ಒಂದು ಪಾದದ ವಿಷಯ ಹೇಳೋಕ್ ಬಂದೆ." ಬೋಗುಣಿ, ಬಿಸಿ ನೀರು, ಅರ್ಧ ಇನ್ಸುಲಿನ್ನು, ಟೊಮೆಟೊ ಸೀಸೆ, ಎಲ್ಲ ಹೇಳಿದಳು. ಹಿಂದೆ ಕೂತ ಚರ್ಚಿನ ಹೆಂಗಸರು ಬೋಗುಣಿಯ ಮಾತು ಬಂದಾಗ ತಲೆ ತಗ್ಗಿಸಿದರು. "ಅವಳು ದಿನಾ ದುಡೀತಿದ್ಳು. ನಾವು ಅದನ್ನ ಕೆಲಸ ಅಂತ ಕರೀಲಿಲ್ಲ, ಚೀಟಿ ಬರ್ಕೊಡ್ಲಿಲ್ಲ. ಅದು ನಮ್ ತಪ್ಪು. ಚೀಟಿ ಇಲ್ಲ ಅಂತ ಔಷಧಿ ನಿಲ್ಸಿದ್ದು ನಿಮ್ ತಪ್ಪು. ನಂದನ್ನ ನಾನು ಒಪ್ಕೋತೀನಿ. ನೀವು ಇನ್ನೂ ಕಡಿಮೆ ಮಾಡ್ಬೇಡಿ, ಅಷ್ಟೇ..."

ಮೂರು ನಿಮಿಷ ಮುಗಿದು ಕೆಂಪು ದೀಪ ಹತ್ತಿತು. ನಡುವೆ ಕೂತ ಮನುಷ್ಯ "ಧನ್ಯವಾದ ಮೇಡಂ" ಎಂದ. ಅವನ ಪಕ್ಕದ ಹೆಂಗಸು ಮಾತ್ರ ಪೆನ್ನು ಕೆಳಗಿಟ್ಟು ಇವಳನ್ನೇ ನೋಡುತ್ತಿದ್ದಳು.

ಕಡಿತ ನಿಲ್ಲಲಿಲ್ಲ. ಚಳಿಗಾಲದ ಹೊತ್ತಿಗೆ ಲೋರ್ನಾಳ ಕ್ಲಿನಿಕ್ಕು ವಾರಕ್ಕೆ ಎರಡೇ ದಿನ ತೆರೆಯುವಂತಾಯಿತು. ಅಂಗವಿಕಲಳೆಂದು ಒಲೀಟಾಗೆ ಕಾರ್ಡು ವಾಪಸು ಬಂತು.

"ಕಾಲು ಕೊಟ್ಟು ಕಾರ್ಡು ತಗೊಂಡೆ," ಎಂದು ಕೇಳಿದವರಿಗೆಲ್ಲ ಹೇಳುತ್ತಾಳೆ. ಮೊದಮೊದಲು ಜನ ನಗುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ವರ್ಡಿ ಮತ್ತೆ ಟವೆಲು ಕಟ್ಟಿಕೊಂಡು ಅವಳ ಗಾಲಿಕುರ್ಚಿಯ ಮುಂದೆ ಮಂಡಿಯೂರಿದಳು. ಬಲಗಾಲು ತೊಳೆದು ಒರೆಸಿದಳು. ರೂಢಿಯ ಕೈ, ಇನ್ನೊಂದು ಪಾದ ಹಿಡಿಯಲು ನೀರಿನ ಮೇಲೆ ಹೋಗಿ ಹಾಗೇ ನಿಂತಿತು. ಒಲೀಟಾ ಅದನ್ನು ನೋಡಿದಳು.

ವರ್ಡಿ ಬಲಗಾಲನ್ನೇ ಮತ್ತೆ ಎತ್ತಿಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದಿ ನೋಡಿದಳು, ಹಿಮ್ಮಡಿ ತಿರುಗಿಸಿ ನೋಡಿದಳು. "ಬಿಸಿ ಗೊತ್ತಾಗ್ತಿದೆಯಾ?" ಎಂದು ಪಕ್ಕದವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದಳು.