ತಮ್ಮನ ಹೆಸರಿನ ಇಸಿಜಿ

ತಮ್ಮನ ಶವಪರೀಕ್ಷೆಯ ವರದಿಯನ್ನು ಅಕ್ಕ ನಿಂತಲ್ಲೇ ಓದಿದಳು. ಹೃದಯದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯುತ್ತ ಹನ್ನೊಂದು ವರ್ಷ ಸವೆಸಿದವಳಿಗೆ ಡಾಕ್ಟರುಗಳ ಬರಹ ಓದುವುದು ಕಷ್ಟವಲ್ಲ. ಮೂರನೇ ಪುಟದ ಕೊನೆಯ ಸಾಲುಗಳನ್ನು ಎರಡು ಸಲ ಓದಿದಳು. ಸಾವಿಗೆ ಕಾರಣ ಹಳೆಯ ಹೃದ್ರೋಗ, ಆಧಾರ ಮೃತನ ಅಕ್ಕ ತಾನಾಗಿಯೇ ಠಾಣೆಗೆ ತಂದುಕೊಟ್ಟ ಇಸಿಜಿ, ತೊಡೆ ಮತ್ತು ಅಂಗಾಲಿನ ಕಂದುಗಟ್ಟಿದ ಗಾಯಗಳು ಕುಸಿದು ಬಿದ್ದಾಗ ಆದಂಥವು ಎಂದು ಬರೆದಿತ್ತು.

ಬಿದ್ದವನ ಮೊಣಕೈ ತರಚುತ್ತದೆ, ಹಣೆ ಒಡೆಯುತ್ತದೆ. ಎರಡೂ ಅಂಗಾಲಿಗೆ ಪೆಟ್ಟಾಗುವ ಹಾಗೆ ಬೀಳುವ ವಿದ್ಯೆ ಸರ್ಕಸ್ಸಿನವರಿಗೂ ಗೊತ್ತಿರಲಿಕ್ಕಿಲ್ಲ. ಆದರೂ ಅದನ್ನು ಬರೆದ ಸರ್ಕಾರಿ ಡಾಕ್ಟರ ಕೈ ಒಂದಿಷ್ಟೂ ನಡುಗಿರಲಿಲ್ಲ. ಸಹಿ ದುಂಡಗೆ ಮುದ್ದಾಗಿ ಬಿದ್ದಿತ್ತು.

ತಮ್ಮ ಬೀಗ ರಿಪೇರಿಯವನು. ಬೀದಿಯ ತಿರುವಿನಲ್ಲಿ ಪೆಟ್ಟಿಗೆ ಅಂಗಡಿ, ತಂತಿಗೆ ಪೋಣಿಸಿ ನೇತುಹಾಕಿದ ನೂರಾರು ಬೀಗದ ಕೈ, ಒಂದು ಅರ, ಒಂದು ಇಕ್ಕಳ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕೀಲಿ ಅಂತಲೇ. ಹತ್ತಿರದ ದೊಡ್ಡ ಮನೆಯೊಂದರಲ್ಲಿ ಬೀಗ ಮುರಿಯದೆ ಕಳವಾಯಿತು. ಮುರಿಯದೆ ಬೀಗ ತೆಗೆಯುವವನು ಸುತ್ತಮುತ್ತ ಇವನೊಬ್ಬನೇ ಎಂದು ಪೊಲೀಸರಿಗೆ ಹೊಳೆಯಿತು. ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವ ಉಸಾಬರಿಗೆ ಅವರು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದವನನ್ನು ಹಾಗೇ ಜೀಪಿಗೆ ಹತ್ತಿಸಿದರು.

ಸುದ್ದಿ ಕ್ಲಿನಿಕ್ಕಿಗೆ ಮುಟ್ಟಿದಾಗ ಅಕ್ಕ ಕಂಡಕ್ಟರ್ ತಾತನ ಎದೆಗೆ ವೈರು ಅಂಟಿಸುತ್ತಿದ್ದಳು. ತಾತ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು, ಎರಡು ಸಲ ಹಾರ್ಟ್ ಅಟ್ಯಾಕನ್ನು ದಾಟಿ ಬಂದವರು. "ಇನ್ನೂ ಎಷ್ಟು ಸ್ಟಾಪು ಉಳಿದಿದೆ ನೋಡಮ್ಮ" ಎಂದು ಪ್ರತಿ ತಿಂಗಳೂ ಕೇಳುವವರು. ಯಂತ್ರದಿಂದ ಕಾಗದದ ಪಟ್ಟಿ ಹೊರಗೆ ಬರುತ್ತಿತ್ತು. ಅದರ ಒಂದೊಂದು ಅಲೆಯೂ ಈ ಹೃದಯ ಕೆಟ್ಟಿದೆ ಎಂದು ಸಾರಿ ಹೇಳುವಂಥದ್ದು. ಅವಳು ಯಂತ್ರವನ್ನು ನಿಲ್ಲಿಸಲಿಲ್ಲ. ಪಟ್ಟಿ ಇನ್ನೊಂದಷ್ಟು ಉದ್ದ ಓಡಿತು. ನಡುವೆ ಹರಿದಳು. ಒಂದು ತುಂಡು ತಾತನ ಫೈಲಿಗೆ ಹೋಯಿತು, ಇನ್ನೊಂದರ ಮೇಲೆ ತಮ್ಮನ ಹೆಸರು ಬರೆದಳು. ವಯಸ್ಸು ಇಪ್ಪತ್ತಾರು.

ಬೇರೆ ಯಾರಾದರೂ ಆಗಿದ್ದರೆ ಗುರುತಿನವರನ್ನು ಹುಡುಕುತ್ತಿದ್ದರು, ಇನ್‌ಸ್ಪೆಕ್ಟರ ಕಾಲಿಗೆ ಬೀಳುತ್ತಿದ್ದರು. ಈ ಬುದ್ಧಿ ಇವಳಿಗೊಬ್ಬಳಿಗೇ ಬರಬೇಕು. ಕಾಯಿಲೆಯವರನ್ನು ಕಂಡರೆ ಜನ ಮೆತ್ತಗಾಗುವುದನ್ನು ಅವಳು ಹನ್ನೊಂದು ವರ್ಷ ನೋಡಿದ್ದಳಲ್ಲ, ಪೊಲೀಸರೂ ಜನರೇ ಎಂದುಕೊಂಡಳು. ಠಾಣೆಗೆ ಓಡಿಹೋಗಿ, ಅಲ್ಲಿ ಹೇಳಿಕೆ ಬರೆದುಕೊಳ್ಳುವ ನಡುವಯಸ್ಸಿನ ಪೇದೆಯ ಕೈಗೆ ಕಾಗದ ಕೊಟ್ಟಳು. ಅವನನ್ನು ಎಲ್ಲರೂ ರೈಟರ್ ಅನ್ನುತ್ತಿದ್ದರು.

"ಅಣ್ಣಾ, ಅವನಿಗೆ ಹಾರ್ಟ್ ವೀಕು. ಏಟು ತಡೆಯಲ್ಲ. ದಮ್ಮಯ್ಯ ಅಂತೀನಿ, ಕೈ ಮಾಡ್ಬೇಡಿ."

"ಬರೆದುಕೊಡಮ್ಮ ಹಾಗಂತ" ಎಂದ ರೈಟರ್. ಬರೆದುಕೊಟ್ಟಳು. ಒಳಗಿನ ಬೆಂಚಿನಲ್ಲಿ ಕೂತಿದ್ದ ತಮ್ಮ ಈ ಮಾತು ಕೇಳಿ ಹುಬ್ಬೇರಿಸಿದ. ಸುಮ್ಮನಿರು ಎಂದು ಅಕ್ಕ ಕಣ್ಣಲ್ಲೇ ಗದರಿದಳು. ಬುಧವಾರ ಮಧ್ಯಾಹ್ನ ಅವನು ಠಾಣೆಯಲ್ಲೇ ಸತ್ತುಹೋದ.

ಅಮ್ಮ ವರದಿಯನ್ನು ನಂಬಿಬಿಟ್ಟಿದ್ದಳು. ನಂಬದೆ ಅವಳಿಗೆ ಉಸಿರಾಡಲಿಕ್ಕೆ ಬೇರೆ ದಾರಿಯೂ ಇರಲಿಲ್ಲ. "ನಮ್ಮ ಹತ್ರ ಹೇಳ್ದೆ ನುಂಗ್ಕೊಂಡಿದ್ದ ನೋಡು" ಅನ್ನುವಳು. "ಹಾರ್ಟು ನಿಂತ್ರೆ ಗೊತ್ತಾಗೋದ್ರೊಳಗೆ ಜೀವ ಹೋಗಿರತ್ತಂತೆ. ಅಲ್ವೇನೇ?" ಅಕ್ಕ ಹೂಂ ಅನ್ನುವಳು.

ಅವಳು ವರದಿಯನ್ನೂ ದೇಹದ ಫೋಟೋಗಳನ್ನೂ ಹಿಡಿದುಕೊಂಡು ಮೆಡಿಕಲ್ ಕಾಲೇಜಿನಲ್ಲಿ ಶವಪರೀಕ್ಷೆಯ ಪಾಠ ಮಾಡುವ ಮೇಡಂ ಹತ್ತಿರ ಹೋದಳು. ಅವರು ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. "ಇವು ಲಾಠಿ ಏಟು. ಒಂದರ ಪಕ್ಕ ಒಂದು, ಎಣಿಸಿ ಹೊಡೆದ ಹಾಗಿದೆ. ಮಾಂಸಖಂಡ ಇಷ್ಟು ಜಜ್ಜಿಹೋದ್ರೆ ಮನುಷ್ಯ ಉಳಿಯಲ್ಲ. ಮ್ಯಾಜಿಸ್ಟ್ರೇಟರ ವಿಚಾರಣೆಗೆ ನಾನು ಬಂದು ಹೇಳ್ತೀನಿ" ಎಂದರು. ಆಮೇಲೆ ಕನ್ನಡಕ ತೆಗೆದು, "ಆದ್ರೆ ಈ ಇಸಿಜಿ ಇರೋ ತನಕ ನನ್ನ ಮಾತು ನಿಲ್ಲಲ್ಲಮ್ಮ. ಇಂಥ ಹೃದಯ ಇದ್ದೋನು ಕೂತಲ್ಲೇ ಸಾಯಬಹುದು ಅಂತಾರೆ. ಅವರು ಅನ್ನೋದು ಸುಳ್ಳೂ ಅಲ್ಲ" ಎಂದರು.

ಅಕ್ಕ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. "ಅದು ಅವನದ್ದಲ್ಲ ಮೇಡಂ" ಎಂದಳು.

ಕ್ಲಿನಿಕ್ಕಿನ ಡಾಕ್ಟರಿಗೆ ಹೇಳಿದ ದಿನವೇ ಕೆಲಸ ಹೋಯಿತು. ಅವರು ಕೂಗಾಡಲಿಲ್ಲ. "ನಿನ್ನ ಕೈಯಲ್ಲಿ ಬಂದ ಕಾಗದ ನೋಡಿ ನಾನು ಔಷಧಿ ಬರೀತಿದ್ದೆನಲ್ಲಮ್ಮ" ಎಂದರು ಅಷ್ಟೇ. ಅವರು ಕೂಗಾಡಿದ್ದರೇ ಚೆನ್ನಾಗಿತ್ತು ಎನಿಸಿತು ಅವಳಿಗೆ. ತನ್ನ ಫೈಲನ್ನು ಕೋರ್ಟಿಗೆ ಕೊಡಲು ಕಂಡಕ್ಟರ್ ತಾತ ಮಾತ್ರ ಹಿಂದೆಮುಂದೆ ನೋಡಲಿಲ್ಲ. "ತಗೊಂಡು ಹೋಗು ತಾಯಿ. ನನ್ನ ಹಾರ್ಟಿಂದ ಯಾರಿಗೋ ಉಪಯೋಗ ಅಂತ ಇದ್ರೆ ಇದೊಂದೇ."

ವಿಚಾರಣೆಯ ದಿನ ಬೆಳಿಗ್ಗೆ ಅಮ್ಮನಿಗೂ ಹೇಳಿದಳು. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಹೇಳಿದಳು. "ಅವನಿಗೆ ಹಾರ್ಟಿನ ಕಾಯಿಲೆ ಇರ್ಲಿಲ್ಲಮ್ಮ. ಆ ಕಾಗದ ನಾನೇ ಮಾಡಿದ್ದು."

ಅಮ್ಮ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. "ಹಾಗಾದ್ರೆ ನೋವಾಗಿತ್ತು ಅವನಿಗೆ" ಎಂದಳು. ಬೈದಿದ್ದರೆ, ತಲೆಗೆ ಎರಡು ಬಡಿದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ವಿಚಾರಣೆ ನಡೆದದ್ದು ಕೋರ್ಟಿನ ಹಿಂದಿನ ಒಂದು ಸಣ್ಣ ಕೋಣೆಯಲ್ಲಿ. ಉದ್ದನೆಯ ಮೇಜು, ಕಿರಗುಟ್ಟುವ ಫ್ಯಾನು. ಮ್ಯಾಜಿಸ್ಟ್ರೇಟರು ಅಕ್ಕನಿಗಿಂತ ನಾಲ್ಕೈದು ವರ್ಷ ದೊಡ್ಡ ಹೆಂಗಸು. ಅಮ್ಮ ಹಿಂದಿನ ಕುರ್ಚಿಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಅಕ್ಕ ಎಲ್ಲವನ್ನೂ ಒಪ್ಪಿಕೊಂಡಳು. ಪೊಲೀಸರ ಪರ ವಕೀಲರು ಎದ್ದರು. ಮದುವೆಮನೆಯಲ್ಲಿ ಊಟಕ್ಕೆ ಕರೆಯುವಷ್ಟು ಸವಿಯಾದ ದನಿ.

"ಅವತ್ತು ಸುಳ್ಳು ಬರೆದುಕೊಟ್ರಿ. ಸಹಿನೂ ಮಾಡಿದ್ರಿ. ಇವತ್ತು ನಿಜ ಹೇಳ್ತಿದೀರಿ ಅಂತ ನಾವು ಹೇಗಮ್ಮ ನಂಬೋದು?"

"ನನ್ನನ್ನ ನಂಬಬೇಡಿ" ಎಂದಳು ಅಕ್ಕ. "ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿ."

ಮ್ಯಾಜಿಸ್ಟ್ರೇಟರು ತಾತನ ಫೈಲಿನ ಪಟ್ಟಿಯನ್ನೂ ಠಾಣೆಯ ಕಡತದ ಪಟ್ಟಿಯನ್ನೂ ಮೇಜಿನ ಮೇಲೆ ಜೋಡಿಸಿದರು. ಹರಿದ ಅಂಚಿಗೆ ಹರಿದ ಅಂಚು ಸರಿಯಾಗಿ ಕೂತಿತು. ಒಂದು ತುಂಡಿನಲ್ಲಿ ಏರಿದ ಅಲೆ ಇನ್ನೊಂದು ತುಂಡಿನಲ್ಲಿ ಇಳಿದಿತ್ತು. ವಕೀಲರು ಬಗ್ಗಿ ನೋಡಿ ಕೂತುಕೊಂಡರು.

"ನೀವು ಹೃದಯ ಕೊಯ್ದು ನೋಡಲಿಲ್ವಾ?" ಎಂದು ಮ್ಯಾಜಿಸ್ಟ್ರೇಟರು ಸರ್ಕಾರಿ ಡಾಕ್ಟರನ್ನು ಕೇಳಿದರು.

"ಮೇಲಿಂದ ನೋಡಿದೆ. ಇಸಿಜಿ ಇತ್ತಲ್ಲ ಮೇಡಂ."

"ಅಂದ್ರೆ ಕಾಗದಕ್ಕೆ ಪೋಸ್ಟ್‌ಮಾರ್ಟಂ ಮಾಡಿದ್ರಿ" ಎಂದರು ಅವರು. ಗುಮಾಸ್ತ ಇದನ್ನು ಬರೆಯಬೇಕೋ ಬೇಡವೋ ತಿಳಿಯದೆ ಪೆನ್ನು ಎತ್ತಿ ಹಿಡಿದ.

ಅಕ್ಕನಿಗೆ ಎದೆಯ ಮೇಲಿನ ಭಾರ ಒಂಚೂರು ಜರುಗಿದಂತಾಯಿತು. ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದೆ ಎಂದುಕೊಂಡಳು. ಅಷ್ಟರಲ್ಲಿ ರೈಟರನ್ನು ಕರೆದರು. ಕರೆದದ್ದು ಒಂದು ಸಣ್ಣ ಪ್ರಶ್ನೆ ಕೇಳಲಿಕ್ಕೆ. ಹೃದ್ರೋಗಿ ಎಂದು ಬರೆಸಿಕೊಂಡ ಮೇಲೂ ಅವನನ್ನು ಆಸ್ಪತ್ರೆಗೆ ಯಾಕೆ ತೋರಿಸಲಿಲ್ಲ?

ರೈಟರ್ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಕೆಮ್ಮಿದ. ಇನ್ನೂ ಒಂದು ಸಲ ಕೆಮ್ಮಿದ. ರೈಟರ್ ಆ ಕಡೆ ತಿರುಗಲಿಲ್ಲ.

"ಸೋಮವಾರ, ಮಂಗಳವಾರ ಯಾರೂ ಅವನನ್ನ ಮುಟ್ಟಲಿಲ್ಲ ಮೇಡಂ. ಆ ಕಾಗದಕ್ಕೆ ಹೆದರಿದ್ರು. ಬುಧವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅನುಮಾನ ಬಂತು. ಇದನ್ನ ಬೇರೆ ಡಾಕ್ಟರಿಗೆ ತೋರಿಸ್ತೀವಿ, ಸುಳ್ಳು ಅಂತ ಆದ್ರೆ ನಿನ್ನ ಅಕ್ಕನ್ನ ಇಲ್ಲಿಗೆ ತಂದು ನಿನ್ನ ಪಕ್ಕದಲ್ಲೇ ಕೂರಿಸ್ತೀವಿ ಅಂದ್ರು. ಅವನು ತಕ್ಷಣ ಎದ್ದು ನಿಂತ." ರೈಟರ್ ಟೋಪಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ಅಕ್ಕನ್ನ ಕರೀಬೇಡಿ ಸಾರ್. ಅವಳಿಗೆ ಗಾಬರಿ ಜಾಸ್ತಿ, ಏನೋ ಬರೆದಿದಾಳೆ. ನಂಗೇನೂ ಇಲ್ಲ, ಗಟ್ಟಿಯಾಗಿದೀನಿ, ಬೇಕಾದ್ರೆ ನೋಡಿ ಅಂತ ಎದೆಗೆ ಗುದ್ದಿಕೊಂಡು ತೋರಿಸಿದ."

"ಆಮೇಲೆ?" ಎಂದರು ಮ್ಯಾಜಿಸ್ಟ್ರೇಟರು.

"ಆಮೇಲೆ ಶುರು ಮಾಡಿದ್ರು ಮೇಡಂ. ಅವನು ಹೋದ ಮೇಲೆ ಅದೇ ಕಾಗದವನ್ನ ಕಡತಕ್ಕೆ ಸೇರಿಸು ಅಂದ್ರು. ನಾನೇ ಸೇರಿಸಿದ್ದು."

ಗುಮಾಸ್ತ ಇದನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಇನ್‌ಸ್ಪೆಕ್ಟರನನ್ನು ಕೋಣೆಯಿಂದ ಹೊರಗೆ ಹೋಗದಂತೆ ತಡೆದರು, ಯಾರೋ ಫೋನು ಮಾಡಲು ಓಡಿದರು, ಮೆಡಿಕಲ್ ಕಾಲೇಜಿನ ಮೇಡಂ ಬಂದು ಅಕ್ಕನ ಭುಜ ಹಿಡಿದು ನೀವು ಗೆದ್ದಿರಿ ಎಂಬಂಥದ್ದೇನೋ ಹೇಳಿದರು. ಅಕ್ಕನಿಗೆ ಒಂದೂ ಕಿವಿಗೆ ಬೀಳಲಿಲ್ಲ. ಅವಳು ಹೋಗಿ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು. ಅಳು ಬರಲಿಲ್ಲ.

ಅಮ್ಮ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಅವನು ಅಕ್ಕನ್ನ ಕರೀರಿ ಅಂದಿದ್ರೆ ನೀನು ಹೋಗ್ತಿದ್ದೆ, ಅಲ್ವೇನೇ?"

"ಓಡ್ಕೊಂಡು ಹೋಗ್ತಿದ್ದೆ ಅಮ್ಮ."

"ಅವನಿಗೂ ಅದು ಗೊತ್ತಿತ್ತು" ಎಂದಳು ಅಮ್ಮ.