ತಮ್ಮ ಕಟ್ಟಿದ ಮೆಟ್ಟಿಲು

ಪರವಾನಗಿ ಅಣ್ಣನದು, ಕೈ ತಮ್ಮನದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅಣ್ಣನ ಕಿವಿಗೆ ಅದು ಹಗಲಿರುಳು ಕೇಳಿಸುತ್ತಿತ್ತು. ತಮ್ಮನಿಗೆ ಪರೀಕ್ಷೆಯೆಂದರೆ ಚಳಿಜ್ವರ. ಗುತ್ತಿಗೆದಾರನ ಪರವಾನಗಿ ಪಡೆಯಲೇ ಇಲ್ಲ. ಆದ್ದರಿಂದ ಅವನು ಹಿಡಿದ ಕಟ್ಟಡಗಳ ಗುತ್ತಿಗೆಗೆಲ್ಲ ಅಣ್ಣನ ಹೆಸರಿನ ಫಲಕ ತೂಗುತ್ತಿತ್ತು. ಗಾರೆ ಕೆಲಸದ ತಂದೆ ಸಾಯುವಾಗ ತಾವು ಬಳಸುತ್ತಿದ್ದ ಕರಣೆಯನ್ನು ಕಿರಿಯ ಮಗನ ಕೈಗಿಟ್ಟೇ ಕಣ್ಣು ಮುಚ್ಚಿದ್ದರು. ದಿನವೂ ದೇವರಿಗೆ ಕೈಮುಗಿಯುವ ಅಣ್ಣ ಎಲ್ಲರ ಎಲ್ಲ ತಪ್ಪನ್ನೂ ಕ್ಷಮಿಸಿದ್ದ, ಅದೊಂದನ್ನು ಬಿಟ್ಟು.

ವೈದ್ಯರ ಮನೆಯ ಕಲ್ಲಿನ ಮೆಟ್ಟಿಲು ಮುಗಿಯುತ್ತ ಬಂದಾಗ ಅಣ್ಣನೊಳಗೆ ಹೊಗೆಯಾಡುತ್ತಿದ್ದ ಹೊಟ್ಟೆಕಿಚ್ಚು ಉರಿಯತೊಡಗಿತು. ಕಂಬವಿಲ್ಲ, ತೊಲೆಯಿಲ್ಲ, ಗೋಡೆಗೆ ತಾಗಿಕೊಂಡು ಸುರುಳಿಯಾಗಿ ಮೇಲೇರಿತ್ತು.

"ನಿಮ್ಮ ತಮ್ಮನ ಕೈಗೆ ಬಂಗಾರದ ಕಡಗ ತೊಡಿಸಬೇಕು ಕಣ್ರೀ," ಎಂದರು ವೈದ್ಯರ ಹೆಂಡತಿ.

"ತೊಡಿಸಿ ತಾಯಿ. ನನಗೇನು, ಫಲಕ ಹೊಡೆಯೋ ಮೊಳೆ ಸಾಕು," ಎಂದು ಅಣ್ಣ ನಕ್ಕ. ಹೊರಗೆ ಬಂದವನೇ ಫಲಕವನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದ. ನನ್ನ ಹೆಸರಿಲ್ಲದೆ ನಾಲ್ಕು ದಿನ ಬಾಳಿ ನೋಡಲಿ ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದುದು.

ಫಲಕವಿಲ್ಲದ್ದನ್ನು ಕಂಡು ತನಿಖೆಯ ಅಧಿಕಾರಿ ಒಳಗೆ ಬಂದ. ಅಣ್ಣ ಕಿತ್ತದ್ದನ್ನು ತಮ್ಮ ಕಣ್ಣಾರೆ ಕಂಡಿದ್ದ. ಆದರೂ "ಗಾಳಿಗೆ ಬಿತ್ತು ಸ್ವಾಮಿ" ಎಂದ. ಅಧಿಕಾರಿ ನಂಬಲಿಲ್ಲ. ಕೆಲಸ ನಿಂತಿತು, ವಿಚಾರಣೆಗೆ ಕರೆ ಬಂತು.

"ಪರವಾನಗಿ ಇಲ್ಲದೆ ಗುತ್ತಿಗೆ ಹಿಡಿದರೆ ಜೈಲೂ ಆಗಬಹುದು. ಹೆಸರು ಎರವಲು ಕೊಟ್ಟವನಿಗೂ ತಪ್ಪಿದ್ದಲ್ಲ," ಎಂದರು ವಕೀಲರು. "ಕೆಲಸವೆಲ್ಲ ಅಣ್ಣನದು, ತಮ್ಮ ಬರೀ ಕೂಲಿಯಾಳು ಅಂತ ಇಬ್ಬರೂ ಹೇಳಿ. ಬೇರೆ ದಾರಿಯಿಲ್ಲ."

"ನಾನು ಬಾಯಿಗೆ ಬೀಗ ಹಾಕ್ಕೋತೀನಿ ಅಣ್ಣ," ಎಂದ ತಮ್ಮ.

ಅಣ್ಣನಿಗೆ ಭಯದ ನಡುವೆಯೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಮೆಟ್ಟಿಲು ನನ್ನದು ಎಂದು ನಾಲ್ಕು ಜನರೆದುರು ಹೇಳಬಹುದಲ್ಲ!

ವಿಚಾರಣೆಯಲ್ಲಿ ಎದೆಯುಬ್ಬಿಸಿ ಹೇಳಿಯೂಬಿಟ್ಟ.

"ಹಾಗಾದರೆ ಅದರ ಭಾರ ಹೊರೋದು ಯಾವುದು?" ಎಂದು ಹಿರಿಯ ಅಧಿಕಾರಿ ಕೇಳಿದರು.

"ಗೋಡೆ, ಸ್ವಾಮಿ. ಎಲ್ಲಾ ಗೋಡೆಯೇ ಹೊರುತ್ತೆ."

ತಮ್ಮ ಬೆಂಚಿನ ಮೇಲೆ ಮಿಸುಕಿದ.

"ಪೂರಾ ಭಾರವೂ?"

"ಪೂರಾ. ಗೋಡೆ ಬಿಟ್ಟರೆ ಇನ್ನೇನಿದೆ ಅಲ್ಲಿ?"

"ಅಯ್ಯೋ ಅಣ್ಣ!" ತಮ್ಮ ಎದ್ದು ನಿಂತಿದ್ದ. "ಅಷ್ಟನ್ನೂ ಗೋಡೆ ಹೊತ್ತರೆ ಬಿರುಕು ಬಿಡಲ್ವೇ? ಗೋಡೆ ಕಲ್ಲನ್ನ ಹೊರಳದ ಹಾಗೆ ಹಿಡ್ಕೊಳ್ಳುತ್ತೆ, ಅಷ್ಟೆ. ಭಾರ ಕೆಳಗಿನ ಕಲ್ಲಿಗೆ ಹೋಗುತ್ತೆ, ಅದರದ್ದು ಅದರ ಕೆಳಗಿನದಕ್ಕೆ. ಅದಕ್ಕೇ ನಾನು ಒಂದೊಂದರ ಅಂಚನ್ನೂ..."

ಮಾತು ಅಲ್ಲಿಗೆ ನಿಂತಿತು. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಜೈಲು ತಪ್ಪಿತು, ಉಳಿದದ್ದು ಯಾವುದೂ ತಪ್ಪಲಿಲ್ಲ. ತಮ್ಮನಿಗೆ ದಂಡ, ಇನ್ನೊಮ್ಮೆ ಗುತ್ತಿಗೆ ಹಿಡಿದರೆ ಸೆರೆವಾಸ. ಅಣ್ಣನ ಪರವಾನಗಿ ರದ್ದು.

"ಯಾಕೋ ಬಾಯಿಬಿಟ್ಟೆ, ಹಾಳಾದವನೇ?" ಬೀದಿಗೆ ಬಂದ ಮೇಲೆ ಅಣ್ಣ ಕೇಳಿದ. "ನನಗೋಸ್ಕರ ಗಾಳಿ ಮೇಲೆ ಹಾಕಿ ಸುಳ್ಳು ಹೇಳಿದವನಿಗೆ ನಿನಗೋಸ್ಕರ ಸುಮ್ಮನಿರೋಕೆ ಆಗಲಿಲ್ವೇ?"

"ನೀನು ಅದನ್ನ ತಪ್ಪಾಗಿ ಹೇಳ್ತಿದ್ದೆಯಲ್ಲ ಅಣ್ಣ. ಹೇಗೆ ಕೇಳಿಸ್ಕೊಂಡು ಕೂರಲಿ?"

ಜೈಲಿನ ಭಯವನ್ನೂ ಮರೆಸುವಷ್ಟು ತಾನು ಯಾವುದನ್ನಾದರೂ ಪ್ರೀತಿಸಿದ್ದುಂಟೇ ಎಂದು ಅಣ್ಣ ಹುಡುಕಿಕೊಂಡ. ಸಿಗಲಿಲ್ಲ. ದೇವರೇ, ಇಷ್ಟಾದ ಮೇಲೂ ಇವನನ್ನು ಕಂಡು ಕರುಬುತ್ತಿದ್ದೇನಲ್ಲ ಎಂದುಕೊಂಡ.

"ನಡಿ, ಬಸ್ಸು ಹೋಗಿಬಿಡುತ್ತೆ," ಎಂದು ಹೇಳಿ, ತನ್ನ ಮುಖ ಕಾಣದಿರಲೆಂದು ತಮ್ಮನಿಗಿಂತ ಮುಂದೆ ಮುಂದೆ ನಡೆದ.